ಗುಂಡಿ ಒತ್ತಿದರೆ ಸಾಕೆ?

ಕಳೆದ ಬೇಸಗೆಯಲ್ಲಿ ನಾವು ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿಗೆ ಹೋಗಿದ್ದೆವು. ಒಂದು ದಿನ ಬೆಳಗಿನ ಜಾವ ಮನೆಯ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಅವರನ್ನು ಹರಪನಹಳ್ಳಿಗೆ ಕರೆದೊಯ್ಯಲು ಅಂಗಳದಲ್ಲಿ ಹೊಸ ಕಾರು ನಿಂತಿತ್ತು. ಆದರೆ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಎಂಜಿನು ಮಿಸುಕಲಿಲ್ಲ. ಕೀಲಿಕೈ ಸಿಗುತ್ತಿಲ್ಲವೆಂಬ ಇಂಗ್ಲಿಷ್ ಅಕ್ಷರಗಳು ಮಾತ್ರ ಮಿನುಗಿದವು. ಕೀಲಿಕೈಯಾದರೋ ಚಾಲಕನ ಕೈಯಲ್ಲಿಯೇ ಇತ್ತು! ಕಡೆಗೆ ನೆರೆಮನೆಯವರ ಹಳೆಯ ಜೀಪಿನಲ್ಲಿ ರೋಗಿಯನ್ನು ಕೊಂಡೊಯ್ದೆವು. ಹಿರಿಯರು ಗುಣಮುಖರಾದರು, ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು.

ಈ ಗುಂಡಿಯ ಹಿಂದೆ ನಡೆಯುವುದೇನು? ಹಳೆಯ ಗಾಡಿಯಲ್ಲಿ ಕೀಲಿಕೈ ತಿರುಗಿದೊಡನೆ ಲೋಹಕ್ಕೆ ಲೋಹ ತಾಗಿ ವಿದ್ಯುತ್ತು ಹರಿಯುತ್ತಿತ್ತು. ಹೊಸ ಗಾಡಿಯಲ್ಲಿ ನಡೆಯುವುದು ಒಂದು ಸಂಭಾಷಣೆ. ಕಾರು ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಅಲೆಗಳ ಮೂಲಕ ‘ನೀನು ಯಾರು?’ ಎಂದು ಕೇಳುತ್ತದೆ. ಜೇಬಿನಲ್ಲಿರುವ ಕೀಲಿಕೈ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಸುಮಾರಿನ ರೇಡಿಯೋ ಅಲೆಗಳಲ್ಲಿ ತನ್ನ ಗುಪ್ತ ಸಂಕೇತವನ್ನು ತಿಳಿಸುತ್ತದೆ. ಸಂಕೇತ ಸರಿಹೊಂದಿ, ಬ್ರೇಕಿನ ಮೇಲೆ ಕಾಲಿದ್ದರೆ, ಕಾರಿನ ಗಣಕವು ಸ್ಟಾರ್ಟರ್ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಕೀಲಿಕೈಯ ದನಿಗೆ ಬಲ ಕೊಡುವುದು 3 ವೋಲ್ಟಿನ, ನಾಣ್ಯದಾಕಾರದ ಲಿಥಿಯಂ ಸೆಲ್ಲು. ಅದು ಸೊರಗಿದರೆ ಉತ್ತರ ಕೇಳಿಸದು. ಬ್ರೇಕಿನ ಸ್ವಿಚ್ಚು ಕೆಟ್ಟರೆ ಅಪ್ಪಣೆ ಹೊರಡದು. ನಮ್ಮ ಬಯಲುಸೀಮೆಯ ಬಿಸಿಲಿಗೆ ಕಾರಿನ 12 ವೋಲ್ಟಿನ ಬ್ಯಾಟರಿ ಬೇಗ ಮುಪ್ಪಾಗಿ ಬರಿದಾದರಂತೂ ಕೇಳುವವರೇ ಇಲ್ಲ.

ಇಲ್ಲಿ ಗಣಿತದ ಒಂದು ಸರಳ ನಿಯಮವನ್ನು ನೆನೆಯಬೇಕು. ಸರಪಳಿಯ ಎಲ್ಲ ಕೊಂಡಿಗಳೂ ಕೆಲಸ ಮಾಡಿದರೆ ಮಾತ್ರ ಯಂತ್ರ ನಡೆಯುವುದಾದರೆ, ಅವುಗಳ ವಿಶ್ವಾಸಾರ್ಹತೆಯನ್ನು ಒಂದರಿಂದೊಂದು ಗುಣಿಸಬೇಕು. ನಿದರ್ಶನಕ್ಕಾಗಿ, ಪ್ರತಿಯೊಂದು ಕೊಂಡಿಯೂ ನೂರಕ್ಕೆ 99 ಸಲ ಸರಿಯಾಗಿರುವುದೆಂದು ಭಾವಿಸೋಣ. ಅಂತಹ ಆರು ಕೊಂಡಿಗಳ ಸರಪಳಿ ನೂರಕ್ಕೆ ಸುಮಾರು 94 ಸಲ ಮಾತ್ರ ಸರಿಯಾಗಿರುತ್ತದೆ. ನಿಜವಾದ ಭಾಗಗಳು ಇದಕ್ಕಿಂತ ಎಷ್ಟೋ ಗಟ್ಟಿ; ಆದರೆ ಕೊಂಡಿ ಹೆಚ್ಚಿದಂತೆ ಸೋಲಿನ ದಾರಿಗಳೂ ಹೆಚ್ಚುತ್ತವೆ ಎಂಬ ತತ್ತ್ವ ಬದಲಾಗದು.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುವುದಿಲ್ಲ. ಹಿಂದೆ ಕೈಹಿಡಿ ತಿರುಗಿಸಿ ಎಂಜಿನನ್ನು ಎಬ್ಬಿಸಬೇಕಾಗಿತ್ತು. ಅದು ಹಿಮ್ಮುಖವಾಗಿ ಒದೆದು ಕೈ ಮುರಿದುಕೊಂಡವರುಂಟು. 1911ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಆ ಕಷ್ಟವನ್ನು ನೀಗಿಸಿತು. ತಿರುಗಿಸುವ ಕೀಲಿಕೈಯೂ ನಿರ್ದೋಷಿಯಲ್ಲ. ಸ್ವಿಚ್ಚಿನ ದೋಷದಿಂದ, ಓಡುತ್ತಿರುವಾಗಲೇ ಎಂಜಿನು ನಿಲ್ಲಬಹುದಾಗಿದ್ದ ಸುಮಾರು 26 ಲಕ್ಷ ಕಾರುಗಳನ್ನು ಜನರಲ್ ಮೋಟಾರ್ಸ್ ಸಂಸ್ಥೆಯು 2014ರಲ್ಲಿ ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಗುಂಡಿಯ ಕಥೆ ಇದಕ್ಕೆ ವಿರುದ್ಧ. 2009ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೇಗದ ಪೆಡಲು ನೆಲಹಾಸಿಗೆ ಸಿಕ್ಕಿಕೊಂಡು ಕಾರೊಂದು ನಿಲ್ಲದೆ ಓಡಿ ನಾಲ್ವರು ಸತ್ತರು. ಓಡುತ್ತಿರುವ ಆ ಬಗೆಯ ಕಾರಿನ ಎಂಜಿನನ್ನು ನಿಲ್ಲಿಸಲು ಗುಂಡಿಯನ್ನು ಸುಮಾರು ಮೂರು ಸೆಕೆಂಡು ಒತ್ತಿ ಹಿಡಿಯಬೇಕಾಗಿತ್ತು. ಗಾಬರಿಯಲ್ಲಿರುವ ಮನುಷ್ಯನಿಗೆ ಅದು ಹೊಳೆಯುವುದು ಸುಲಭವೆ?

ಆದುದರಿಂದ ಕೀಲಿಕೈ ಮೇಲೋ ಗುಂಡಿ ಮೇಲೋ ಎಂಬ ವಾದ ನಿಷ್ಫಲ. ಸೋತಾಗ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ, ಅದನ್ನು ನಾವು ಬಲ್ಲೆವೆ ಎಂಬುದೇ ಮುಖ್ಯ. ಮರುದಿನ ಆ ಕಾರಿನ ಕೈಪಿಡಿಯನ್ನು ತೆರೆದೆವು. ಸೆಲ್ಲು ಸತ್ತಿದ್ದರೆ ಕೀಲಿಕೈಯನ್ನು ಗುಂಡಿಗೆ ತಾಗಿಸಿ ಒತ್ತಬೇಕೆಂದು ಅಲ್ಲಿ ಬರೆದಿತ್ತು. ಹಾಗೆ ಮಾಡಿದೊಡನೆ ಎಂಜಿನು ಎದ್ದಿತು! ಗುಂಡಿಯ ಬಳಿಯ ತಂತಿಸುರುಳಿಯ ಕಾಂತಕ್ಷೇತ್ರದಿಂದಲೇ ಕೀಲಿಕೈಯೊಳಗಿನ ಸಣ್ಣ ಚಿಪ್ ಶಕ್ತಿ ಪಡೆಯುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ, ವಿದ್ಯಾರ್ಥಿಗಳು ಪಾಠದಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಉಪಾಯ ಕಾರಿನಲ್ಲಿಯೇ ಇತ್ತು. ಇಂಗ್ಲಿಷ್ ಕೈಪಿಡಿಯ ಒಳಪುಟದಲ್ಲಿ ಅಡಗಿತ್ತು.

ನಮ್ಮ ಬೇಡಿಕೆ ದೊಡ್ಡದಲ್ಲ. ಇಂತಹ ಬದಲಿ ದಾರಿ ಪ್ರತಿಯೊಂದು ಕಾರಿನಲ್ಲಿಯೂ ಇರಲಿ. ಕಾರನ್ನು ಒಪ್ಪಿಸುವ ದಿನವೇ ಮಾರುವವರು ಅದನ್ನು ಮಾಡಿ ತೋರಿಸಲಿ. ಗುಂಡಿಯ ಪಕ್ಕದಲ್ಲಿ ಒಂದೇ ಸಾಲು ಕನ್ನಡದಲ್ಲಿ ಅಚ್ಚಾಗಲಿ. ಪಟ್ಟಣದಲ್ಲಿ ಕಾರು ನಿಂತರೆ ಕಾರ್ಖಾನೆಯವರು ಬಂದಾರು. ಹಳ್ಳಿಯಲ್ಲಿ ಬೆಳಗಿನ ಜಾವ ಯಾರು ಬರುವರು? ಯಂತ್ರದ ಗುಣವನ್ನು ಅದು ಓಡುವ ದಿನ ಅಳೆಯಬಾರದು. ಕೈಕೊಟ್ಟ ದಿನ ಅಳೆಯಬೇಕು. ನಾಳೆ ಯಂತ್ರಗಳನ್ನು ರೂಪಿಸಲಿರುವ ಇಂದಿನ ವಿದ್ಯಾರ್ಥಿಗಳು ಇದನ್ನು ಮರೆಯದಿರಲಿ.