ಹೃದಯ ವೈಫಲ್ಯ: ಡಿಸ್ಚಾರ್ಜ್ ಆದ ಮೇಲೂ ಹಣ ಸಿಗಲಿ

ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟಿ, ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ಬೆಳಗು ಮಾಡುವ ಬಡ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರೆ ಖರ್ಚಿನ ಹೊಣೆಯನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಹೊರುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಅದರಲ್ಲಿದೆ. ಮೈಯಲ್ಲಿ ತುಂಬಿಕೊಂಡ ನೀರನ್ನು ಇಂಜೆಕ್ಷನ್ ಕೊಟ್ಟು ಇಳಿಸುತ್ತಾರೆ, ಉಸಿರಾಟ ಸರಾಗವಾಗುತ್ತದೆ, ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗುತ್ತದೆ. ಯೋಜನೆಯ ಪಾಲಿನ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಆಯುಷ್ಮಾನ್ ಭಾರತದ ನಿಯಮದಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿ, ತಪಾಸಣೆಗಳಿಗೆ ಮಾತ್ರ ಜಾಗವಿದೆ. ಹದಿನಾರನೆಯ ದಿನದಿಂದ ಮಾತ್ರೆ, ರಕ್ತಪರೀಕ್ಷೆ, ಬಸ್ ಚಾರ್ಜು ಎಲ್ಲವೂ ಮನೆಯವರ ತಲೆಯ ಮೇಲೆ. ಹೃದಯ ವೈಫಲ್ಯದಂಥ ಕಾಯಿಲೆಗೆ ಈ ಲೆಕ್ಕಾಚಾರ ತಲೆಕೆಳಗಾಗಿದೆ. ರೋಗಿ ಬದುಕುತ್ತಾನೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಆ ಹದಿನೈದು ದಿನಗಳ ಆಚೆಗೆ.

ಇದಕ್ಕೆ ನಮ್ಮ ದೇಶದ್ದೇ ಪುರಾವೆಯಿದೆ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ದಾಖಲಾದ 1,205 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ವರ್ಷದಲ್ಲೇ ಹತ್ತರಲ್ಲಿ ಮೂವರು ತೀರಿಕೊಂಡಿದ್ದರು. ಐದು ವರ್ಷಗಳಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇರಲಿಲ್ಲ. ಆಮೇಲೆ ದೇಶದ 53 ಆಸ್ಪತ್ರೆಗಳ ಸುಮಾರು 10,850 ರೋಗಿಗಳ ರಾಷ್ಟ್ರೀಯ ನೋಂದಣಿ ನಡೆಯಿತು. ಅದರ ಪ್ರಕಾರ ತೊಂಬತ್ತು ದಿನಗಳೊಳಗೆ ಶೇ 14ರಷ್ಟು ಜನ ಸತ್ತಿದ್ದರು, ಮಾರ್ಗಸೂಚಿ ಹೇಳುವ ಔಷಧಿಗಳು ಸಿಕ್ಕಿದ್ದು ಅರ್ಧದಷ್ಟು ಮಂದಿಗೂ ಅಲ್ಲ. ಇವರ ಸರಾಸರಿ ವಯಸ್ಸು ಅರವತ್ತರ ಆಸುಪಾಸು. ಅಂದರೆ ಇನ್ನೂ ದುಡಿದು ಮನೆ ನಡೆಸುತ್ತಿರುವವರೂ ಇವರಲ್ಲಿ ಬಹಳಷ್ಟು ಮಂದಿ ಇದ್ದಾರೆ.

ಹೆಚ್ಚು ಬೇಸರ ತರಿಸುವ ಸಂಗತಿಯೆಂದರೆ ಇದಕ್ಕೆ ಮದ್ದಿದೆ. ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದವರಿಗೆ ಇಂದು ನಾಲ್ಕು ಬಗೆಯ ಔಷಧಿಗಳನ್ನು ಕೊಡುತ್ತಾರೆ. ಅವುಗಳಲ್ಲೊಂದಾದ ಸ್ಪೈರೊನೊಲ್ಯಾಕ್ಟೋನ್ ತೀವ್ರ ಹೃದಯ ವೈಫಲ್ಯದ ಸಾವನ್ನು ಶೇ 30ರಷ್ಟು ತಗ್ಗಿಸುತ್ತದೆಂದು ಗೊತ್ತಾಗಿದ್ದು 1999ರಲ್ಲಿ. ಅದು ಹಳೆಯ, ಅಗ್ಗದ ಮಾತ್ರೆ. ಇನ್ನೊಂದಾದ ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿದ ಮೇಲೆ ಹತ್ತಾರು ಕಂಪನಿಗಳು ಅದನ್ನು ತಯಾರಿಸುತ್ತಿವೆ, ಬೆಲೆಯೂ ಇಳಿದಿದೆ. ಆದರೆ ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಈ ಔಷಧಿಗಳು ಕೆಲಸ ಮಾಡುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ಬಿಪಿ ತಾಳುತ್ತದೆಯೇ, ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯೇ, ಕಿಡ್ನಿ ಹೇಗಿದೆ ಎಂದು ನೋಡುತ್ತ ವಾರವಾರಕ್ಕೆ ಪ್ರಮಾಣ ಹೆಚ್ಚಿಸಬೇಕು. ರೋಗಿ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿಕೊಳ್ಳಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು. ಆಗಲೇ ಯಾರಿಗಾದರೂ ಫೋನ್ ಮಾಡಿ ನೀರಿಳಿಸುವ ಮಾತ್ರೆಯನ್ನು ಹೆಚ್ಚಿಸಿಕೊಂಡರೆ ಎಷ್ಟೋ ಸಲ ಅಡ್ಮಿಟ್ ಆಗುವುದೇ ತಪ್ಪುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಬೇಕು ಎಂಬುದನ್ನು ಅಡುಗೆ ಮಾಡುವವರನ್ನೇ ಕೂರಿಸಿಕೊಂಡು ಹೇಳಬೇಕು. ಉಸಿರಾಟ ಹಗುರವಾದ ಕೂಡಲೇ ವಾಸಿಯಾಯಿತೆಂದುಕೊಂಡು ಮಾತ್ರೆ ನಿಲ್ಲಿಸುವವರಿಗೆ, ನಿಲ್ಲಿಸಬೇಡಿ ಎಂದು ಮತ್ತೆ ಮತ್ತೆ ಹೇಳಲು ಒಬ್ಬರು ಬೇಕು. 2022ರಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ, ಡಿಸ್ಚಾರ್ಜ್ ಆದ ಎರಡೇ ವಾರದಲ್ಲಿ ಪೂರ್ಣ ಪ್ರಮಾಣಕ್ಕೆ ಏರಿಸಿ ಪದೇ ಪದೇ ತಪಾಸಣೆ ಮಾಡಿದವರಲ್ಲಿ, ಆರು ತಿಂಗಳೊಳಗೆ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ದಾಖಲಾದವರು ಶೇ 15ರಷ್ಟಿದ್ದರು. ಮಾಮೂಲಿ ಆರೈಕೆ ಪಡೆದವರಲ್ಲಿ ಅದು ಶೇ 23. ನೈಜೀರಿಯಾ, ಮೊಜಾಂಬಿಕ್‌ನ ಆಸ್ಪತ್ರೆಗಳೂ ಆ ಪ್ರಯೋಗದಲ್ಲಿದ್ದವು. ಅಲ್ಲಿ ಆದದ್ದು ನಮ್ಮಲ್ಲಿ ಆಗದು ಎನ್ನಲು ಕಾರಣವಿಲ್ಲ.

ಹೀಗಿದ್ದೂ ಈ ಕೆಲಸಕ್ಕೆ ನಮ್ಮಲ್ಲಿ ಯಾರೂ ಹಣ ಕೊಡುವುದಿಲ್ಲ. ರೋಗಿ ಮರಳಿ ಬಂದು ದಾಖಲಾದರೆ ಆಸ್ಪತ್ರೆಗೆ ಮತ್ತೊಂದು ಪ್ಯಾಕೇಜ್. ಆತ ಮನೆಯಲ್ಲೇ ಚೆನ್ನಾಗಿದ್ದರೆ ಏನೂ ಇಲ್ಲ. ಕೊರತೆ ಇರುವುದು ನಾವು ಬರೆದಿಟ್ಟಿರುವ ದರಪಟ್ಟಿಯಲ್ಲಿ. ಅದಕ್ಕೆ ವೈದ್ಯರನ್ನು ದೂರುವುದು ತಪ್ಪಾಗುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತಕ್ಕೆ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುವಂತೆ ಮಾಡಿದ್ದು ರಾಜ್ಯದ ಒಳ್ಳೆಯ ಕೆಲಸಗಳಲ್ಲೊಂದು. ಆದರೆ ಆಘಾತದಿಂದ ಬದುಕುಳಿದವರಲ್ಲಿ ಒಂದು ಪಾಲು ಜನರ ಹೃದಯದ ಸ್ನಾಯು ಅಷ್ಟರಲ್ಲೇ ಹಾಳಾಗಿರುತ್ತದೆ, ನಾಳೆಯ ಹೃದಯ ವೈಫಲ್ಯದ ರೋಗಿಗಳು ಅವರೇ. ರಾಷ್ಟ್ರೀಯ ನೋಂದಣಿಯಲ್ಲಿ ಹತ್ತರಲ್ಲಿ ಏಳು ಜನರ ಕಾಯಿಲೆಗೆ ಮೂಲ ಹೃದಯದ ರಕ್ತನಾಳಗಳ ತೊಂದರೆಯೇ ಆಗಿತ್ತು. ಆಘಾತದ ರಾತ್ರಿ ಉಳಿಸಿಕೊಂಡ ಜೀವವನ್ನು ಮುಂದಿನ ವರ್ಷ ಕೈಬಿಡುವುದನ್ನು ಯಾವ ನ್ಯಾಯದಿಂದ ಒಪ್ಪಿಕೊಳ್ಳೋಣ?

ಆದ್ದರಿಂದ ಹೃದಯ ವೈಫಲ್ಯಕ್ಕೆ ದಾಖಲಾತಿಯ ಪ್ಯಾಕೇಜ್ ಜೊತೆಗೆ ಒಂದು ವರ್ಷದ ಆರೈಕೆಯ ಪ್ಯಾಕೇಜ್ ಇರಬೇಕು ಎಂಬುದು ನನ್ನ ವಾದ. ಹಣವನ್ನು ಕಂತುಗಳಲ್ಲಿ ಕೊಡಲಿ: ಎರಡನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು, ವರ್ಷದ ಕೊನೆ. ರೋಗಿಯ ತೂಕ, ಬಿಪಿ, ಪೊಟ್ಯಾಸಿಯಂ, ಕ್ರಿಯಾಟಿನಿನ್ ದಾಖಲಾಗಿದ್ದರೆ, ಔಷಧಿಯ ಪ್ರಮಾಣ ಏರಿದ್ದರೆ ಅಥವಾ ಏಕೆ ಏರಿಸಲಾಗಲಿಲ್ಲ ಎಂದು ಬರೆದಿದ್ದರೆ ಕಂತು ಬಿಡುಗಡೆಯಾಗಲಿ. ಮಾತ್ರೆಗಳನ್ನು ತಿಂಗಳಿಗೊಮ್ಮೆ ಊರಿನ ಹತ್ತಿರದ ಕೇಂದ್ರದಲ್ಲೇ ಕೊಡಲಿ. ಮತ್ತೆ ದಾಖಲಾದ ರೋಗಿಗಳ ಲೆಕ್ಕ ಹಿಡಿದು ಆಸ್ಪತ್ರೆಗಳಿಗೆ ದಂಡ ಹಾಕುವ ದಾರಿ ಮಾತ್ರ ಬೇಡ. ಅಮೆರಿಕದಲ್ಲಿ 2012ರಿಂದ ಹಾಗೆ ಮಾಡಿದರು. ಮರುದಾಖಲಾತಿ ಇಳಿಯಿತು, ಆದರೆ ಅದೇ ಅವಧಿಯಲ್ಲಿ ಡಿಸ್ಚಾರ್ಜ್ ನಂತರದ ಸಾವು ಏರಿತೆಂದು ಕೆಲವು ಅಧ್ಯಯನಗಳು ತೋರಿಸಿವೆ. ದಂಡದ ಭಯದಲ್ಲಿ, ಬೆಡ್ ನಿಜಕ್ಕೂ ಬೇಕಾದವನಿಗೇ ಅದು ಸಿಗದೆ ಹೋಗಬಹುದು.

ಹೊರರೋಗಿಗಳ ಆರೈಕೆಗೆ ಹಣ ಕೊಟ್ಟರೆ ಸುಳ್ಳು ಬಿಲ್ಲುಗಳು ಬರುತ್ತವೆ ಎಂಬ ಆತಂಕವನ್ನು ನಾನು ತಳ್ಳಿಹಾಕಲಾರೆ. ದಾಖಲಾತಿಯಲ್ಲೂ ಸುಳ್ಳು ಬಿಲ್ಲುಗಳು ಬರುತ್ತವೆ, ಹಾಗೆಂದು ಯೋಜನೆಯನ್ನೇ ನಿಲ್ಲಿಸಲಿಲ್ಲ. ಕ್ಷಯರೋಗಿಯ ಮಾಹಿತಿ ಕೊಟ್ಟಾಗ ಒಮ್ಮೆ, ಚಿಕಿತ್ಸೆಯ ಫಲಿತಾಂಶ ವರದಿ ಮಾಡಿದಾಗ ಇನ್ನೊಮ್ಮೆ ಎಂದು ಖಾಸಗಿ ವೈದ್ಯರಿಗೆ ಸರ್ಕಾರವೇ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಡಯಾಲಿಸಿಸ್‌ಗೆ 2016ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ದೀರ್ಘಕಾಲದ ಕಾಯಿಲೆಗೆ ಬಿಡದೆ ಹಣ ಕೊಡುವುದು ನಮಗೆ ಹೊಸದಲ್ಲ. ಅಷ್ಟೊಂದು ಹೃದ್ರೋಗ ತಜ್ಞರು ಎಲ್ಲಿದ್ದಾರೆ ಎನ್ನುವವರಿಗೆ ಉತ್ತರ, ಪ್ರತಿ ಭೇಟಿಗೂ ತಜ್ಞರು ಬೇಕಿಲ್ಲ. ಹೃದಯದ ರಕ್ತನಾಳದ ತೊಂದರೆಯಿಂದ ದಾಖಲಾಗಿದ್ದ 806 ರೋಗಿಗಳ ಮೇಲೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ಮುಂದಾಳತ್ವದಲ್ಲಿ ದೇಶದ 14 ಆಸ್ಪತ್ರೆಗಳಲ್ಲಿ ಪ್ರಯೋಗ ನಡೆದು 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರು ಕೈಹಿಡಿದವರು ವರ್ಷದ ನಂತರವೂ ಉಳಿದವರಿಗಿಂತ ಚೆನ್ನಾಗಿ ಮಾತ್ರೆ ನುಂಗುತ್ತಿದ್ದರು, ಅವರ ಬಿಪಿಯೂ ಹೆಚ್ಚು ಹತೋಟಿಯಲ್ಲಿತ್ತು. ಬಿಪಿ, ಶುಗರ್ ತಪಾಸಣೆಗೆಂದು ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಹೋಗುವವರಿಗೆ ತೂಕದ ಯಂತ್ರ, ಒಂದಿಷ್ಟು ತರಬೇತಿ, ತಜ್ಞರ ಫೋನ್ ನಂಬರ್ ಕೊಟ್ಟರೆ ಅರ್ಧ ವ್ಯವಸ್ಥೆ ಸಿದ್ಧವಾದಂತೆ.

ಖರ್ಚಿನ ಮಾತು ಉಳಿಯಿತು. ಮರುದಾಖಲಾತಿ ತಪ್ಪಿ ಎಲ್ಲ ಹಣವೂ ವಾಪಸ್ ಬರುತ್ತದೆಂದು ನಾನು ಆಸೆ ತೋರಿಸುವುದಿಲ್ಲ. ಹೆಚ್ಚು ದಿನ ಬದುಕಿದವರಿಗೆ ಹೆಚ್ಚು ದಿನ ಮಾತ್ರೆ ಬೇಕು, ಖರ್ಚು ಒಟ್ಟಿನಲ್ಲಿ ಏರಲೂಬಹುದು. ಏರಲಿ. ಆರೋಗ್ಯ ವಿಮೆ ಇರುವುದು ಜೀವ ಉಳಿಸಲಿಕ್ಕೆ. ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಜಯದೇವ ಹೃದ್ರೋಗ ಸಂಸ್ಥೆಯ ಮೂಲಕ ಶುರುವಾಗಲಿ, ಅದೂ ಬೆಂಗಳೂರಿಗಿಂತ ಮೊದಲು ಕಲಬುರಗಿಯ ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ಆದವರು ಬೀದರ್, ಯಾದಗಿರಿ, ರಾಯಚೂರಿನ ಹಳ್ಳಿಗಳಿಗೆ ಮರಳಿದ ಮೇಲೆ ಪ್ರತಿ ತಪಾಸಣೆಗೂ ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುವುದು ಅಲ್ಲಿ. ಒಂದು ವರ್ಷದ ನಂತರ ಅವರಲ್ಲಿ ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ನಾಲ್ಕೂ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಎಂಬ ಲೆಕ್ಕವನ್ನು ಆರೋಗ್ಯ ಇಲಾಖೆ ಜನರ ಮುಂದಿಡಲಿ. ಉಳಿದ ಜಿಲ್ಲೆಗಳಿಗೆ ಎಷ್ಟು ಹಣ ತೆಗೆದಿಡಬೇಕೆಂಬುದನ್ನು ಆ ಲೆಕ್ಕ ನೋಡಿ ಬಜೆಟ್‌ನಲ್ಲಿ ನಿರ್ಧರಿಸಬಹುದು.