ಡಲ್ಲಾಸ್‌ನಲ್ಲಿ ನೆಬ್ರಾಸ್ಕಾಗೆ ಬಿದ್ದ ಪೆಟ್ಟು: ಕಾಲೇಜು ವಾಲಿಬಾಲ್‌ನಲ್ಲಿ ಇಂಥ ಶಾಕ್ ಇನ್ನೆಷ್ಟು ದಿನ?

2024ರ ಸೆಪ್ಟೆಂಬರ್ 3, ಮಂಗಳವಾರ. ಅಮೆರಿಕದ ಡಲ್ಲಾಸ್ ನಗರದಲ್ಲಿ ಹೆಣ್ಣುಮಕ್ಕಳ ಕಾಲೇಜು ವಾಲಿಬಾಲ್ ಪಂದ್ಯ. ಒಂದು ಕಡೆ ಊರಿನದೇ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ, ಅಂದ್ರೆ ಎಸ್‌ಎಂಯು. ಇನ್ನೊಂದು ಕಡೆ ನೆಬ್ರಾಸ್ಕಾ, ದೇಶಕ್ಕೇ ಎರಡನೇ ರ‍್ಯಾಂಕಿನ ತಂಡ. ಋತು ಶುರುವಾಗಿ ವಾರ ಕಳೆದಿತ್ತಷ್ಟೇ. ನೆಬ್ರಾಸ್ಕಾ ಬರುತ್ತೆ, ಗೆಲ್ಲುತ್ತೆ, ಬಸ್ ಹತ್ತುತ್ತೆ ಅಂತಲೇ ಬಹಳ ಜನರ ಲೆಕ್ಕ. ಆದದ್ದು ಉಲ್ಟಾ. ಎಸ್‌ಎಂಯು ಗೆದ್ದಿತು. ಅದೂ ಐದು ಸೆಟ್‌ವರೆಗೆ ಎಳೆದಾಡಿ ಅಲ್ಲ, ನೇರ ಮೂರು ಸೆಟ್‌ಗಳಲ್ಲಿ.

ಡಲ್ಲಾಸ್ ಹೆಸರು ಕರ್ನಾಟಕದ ತಾಲೂಕುಗಳಿಗೂ ಹೊಸದಲ್ಲ. ಅದರ ಸುತ್ತಲಿನ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆ ಕನ್ನಡದವರು ಬೇಕಾದಷ್ಟಿದ್ದಾರೆ. ಆದ್ರೆ ಆ ದಿನದ ಫಲಿತಾಂಶ ಯಾಕೆ ಅಷ್ಟು ದೊಡ್ಡ ಸುದ್ದಿಯಾಯ್ತು ಅಂತ ತಿಳಿಯಬೇಕಾದ್ರೆ ಮೊದಲು ನೆಬ್ರಾಸ್ಕಾ ಅಂದ್ರೆ ಏನು ಅಂತ ಗೊತ್ತಿರಬೇಕು.

ನೆಬ್ರಾಸ್ಕಾ ಸುಮಾರು 20 ಲಕ್ಷ ಜನರ ರಾಜ್ಯ. ಎತ್ತ ನೋಡಿದರೂ ಮೆಕ್ಕೆಜೋಳ. ಹಾವೇರಿ, ದಾವಣಗೆರೆ ಕಡೆಯವರಿಗೆ ಆ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತೆ. ಯೂನಿವರ್ಸಿಟಿ ತಂಡಗಳ ಅಡ್ಡಹೆಸರೂ 'ಕಾರ್ನ್‌ಹಸ್ಕರ್ಸ್', ಅಂದ್ರೆ ಮೆಕ್ಕೆಜೋಳದ ತೆನೆ ಸುಲಿಯುವವರು. ದೊಡ್ಡ ವೃತ್ತಿಪರ ಲೀಗ್‌ಗಳ ಒಂದು ತಂಡವೂ ಅಲ್ಲಿಲ್ಲ. ಹಾಗಾಗಿ ಜನರ ಅಭಿಮಾನವೆಲ್ಲ ಯೂನಿವರ್ಸಿಟಿ ಮೇಲೆ. ಅದರಲ್ಲೂ ಹೆಣ್ಣುಮಕ್ಕಳ ವಾಲಿಬಾಲ್ ಅಂದ್ರೆ ಊರಿನ ಜಾತ್ರೆ ಇದ್ದ ಹಾಗೆ. 2001ರಿಂದ ಈ ತಂಡದ ತವರು ಪಂದ್ಯಗಳ ಟಿಕೆಟ್ ಒಂದೂ ಬಿಡದೆ ಖಾಲಿಯಾಗುತ್ತಲೇ ಬಂದಿವೆ. 2023ರ ಆಗಸ್ಟ್ 30ರಂದು ಲಿಂಕನ್ ಪಟ್ಟಣದ ಫುಟ್‌ಬಾಲ್ ಸ್ಟೇಡಿಯಂ ನಡುವೆ ಕೋರ್ಟ್ ಹಾಕಿ ಆಡಿಸಿದ ಪಂದ್ಯಕ್ಕೆ ಬಂದವರು 92,003 ಜನ. ಹೌದು, ಕಾಲೇಜು ಹುಡುಗಿಯರ ವಾಲಿಬಾಲ್ ನೋಡೋಕೆ 92 ಸಾವಿರ ಜನ! ರಾಷ್ಟ್ರೀಯ ಕಪ್‌ಗಳು ಐದು: 1995, 2000, 2006, 2015, 2017.

ಇಂಥ ತಂಡ ಸೆಪ್ಟೆಂಬರ್ ಮೊದಲ ವಾರದಲ್ಲೇ ಮೂರಕ್ಕೆ ಸೊನ್ನೆಯಾಗಿ ಮಕಾಡೆ ಮಲಗಿದ್ದೇ ಸುದ್ದಿ.

ಆಮೇಲೆ ಏನಾಯ್ತು?

ಇಲ್ಲೇ ಕಥೆಗೆ ತಿರುವು. ಆ ಸೋಲಿನಿಂದ ನೆಬ್ರಾಸ್ಕಾ ಕುಸಿಯಲಿಲ್ಲ. ಇಡೀ ಋತುವಿನಲ್ಲಿ 33 ಗೆಲುವು, ಮೂರೇ ಸೋಲು. ಉಳಿದ ಎರಡು ಸೋಲೂ ಪೆನ್ ಸ್ಟೇಟ್ ಎದುರು. ಎರಡನೆಯದು ಡಿಸೆಂಬರ್‌ನ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ, ಅದೂ ಎರಡು ಸೆಟ್ ಮುಂದಿದ್ದು ಕೈಬಿಟ್ಟಿದ್ದು. ಮೂರು ದಿನದ ನಂತರ ಪೆನ್ ಸ್ಟೇಟ್ ಕಪ್ ಎತ್ತಿತು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಲೇ ತಂಡ ನಡೆಸಿದ ಕೋಚ್ ಕೇಟಿ ಶುಮಾಕರ್-ಕಾವ್ಲಿ ಈ ಕಪ್ ಗೆದ್ದ ಮೊದಲ ಮಹಿಳಾ ಮುಖ್ಯ ಕೋಚ್ ಆದರು. ಅದೇ ಬೇರೆ ಲೇಖನಕ್ಕಾಗುವಷ್ಟು ದೊಡ್ಡ ಸಂಗತಿ.

ಇನ್ನೊಂದು ಉದಾಹರಣೆ ಇದಕ್ಕಿಂತ ಚೊಕ್ಕ. 2022ರ ಚಾಂಪಿಯನ್ ಟೆಕ್ಸಾಸ್. 2023ರ ಆಗಸ್ಟ್‌ನಲ್ಲಿ ಋತುವಿನ ಮೊದಲ ಪಂದ್ಯದಲ್ಲೇ ಲಾಂಗ್ ಬೀಚ್ ಸ್ಟೇಟ್ ಎದುರು ಸೋತಿತು. ಬೋಣಿಯೇ ಕೆಟ್ಟಿತು, ಈ ವರ್ಷ ಇವರ ಕಥೆ ಮುಗೀತು ಅಂದವರಿದ್ದರು. ಡಿಸೆಂಬರ್ 17ಕ್ಕೆ ಟ್ಯಾಂಪಾದಲ್ಲಿ ಫೈನಲ್. ಇದೇ ಟೆಕ್ಸಾಸ್ ಇದೇ ನೆಬ್ರಾಸ್ಕಾವನ್ನು 25-22, 25-14, 25-11ರಿಂದ ಮುಗಿಸಿ ಸತತ ಎರಡನೇ ಕಪ್ ಹೊತ್ತೊಯ್ದಿತು.

ಹಾಗಾದ್ರೆ ಋತುವಿನ ಆರಂಭದ ಶಾಕ್‌ಗೆ ಬೆಲೆಯೇ ಇಲ್ಲವೇ? ಇದೆ. ಆದ್ರೆ ಟಿವಿಯಲ್ಲಿ ಕೂಗಿ ಹೇಳುವ ಬೆಲೆ ಅಲ್ಲ. ದೊಡ್ಡ ತಂಡ ಮುಳುಗಿತು ಅಂತ ಅದು ಹೇಳೋದಿಲ್ಲ. ಕಾಗದದ ಮೇಲಿನ ರ‍್ಯಾಂಕ್ ಹಳೇದು ಅಂತ ಮಾತ್ರ ಹೇಳುತ್ತೆ.

ಈ ರ‍್ಯಾಂಕ್ ಹುಟ್ಟುವುದು ಕೋಚ್‌ಗಳ ಮತದಿಂದ. ಋತುವಿನ ಮೊದಲ ಪಟ್ಟಿಗೆ ಮತ ಹಾಕುವಾಗ ಒಂದು ಸರ್ವಿಸೂ ಆಗಿರೋದಿಲ್ಲ. ಕಳೆದ ವರ್ಷದ ಖಾತೆ ಪುಸ್ತಕ ನೋಡಿ ಈ ವರ್ಷದ ವ್ಯಾಪಾರ ಅಂದಾಜು ಮಾಡಿದ ಹಾಗೆ. ಮೇ ತಿಂಗಳಲ್ಲಿ ನಾಲ್ಕು ವರ್ಷ ಆಡಿದವರು ಪದವಿ ಮುಗಿಸಿ ಹೋಗಿರುತ್ತಾರೆ. ಹೈಸ್ಕೂಲು ಮುಗಿಸಿದ ಹೊಸಬರು, ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರು ಸೇರಿರುತ್ತಾರೆ. ಆಗಸ್ಟ್ ಶುರುವಿಗೆ ಎಲ್ಲರೂ ಒಟ್ಟಿಗೆ ಅಭ್ಯಾಸಕ್ಕೆ ಇಳಿದು, ತಿಂಗಳ ಕೊನೆಗೆ ಮ್ಯಾಚ್.

ವಾಲಿಬಾಲ್‌ನಲ್ಲಿ ಈ ಮೂರು ವಾರ ಏನೇನೂ ಸಾಲದು. ಹೊನಲು ಬೆಳಕಿನ ಪಂದ್ಯಾಟ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಲಿಫ್ಟರ್ ಮತ್ತು ಅಟ್ಯಾಕರ್ ನಡುವೆ ಹೊಂದಾಣಿಕೆ ಕೂರಬೇಕಾದ್ರೆ ತಿಂಗಳುಗಟ್ಟಲೆ ಬೇಕು. ಚೆಂಡು ಗೇಣು ಮೇಲಾದ್ರೂ, ಗೇಣು ಹಿಂದಾದ್ರೂ ಸ್ಮ್ಯಾಶ್ ನೆಟ್‌ಗೆ. ಎದುರಾಳಿಯ ಸರ್ವಿಸ್ ಬಿರುಸಾಗಿದ್ದು ಮೊದಲ ಪಾಸ್ ಹದ ತಪ್ಪಿತು ಅಂದ್ಕೊಳ್ಳಿ, ಲಿಫ್ಟರ್ ಚೆಂಡಿನ ಹಿಂದೆ ಓಡಬೇಕು. ನಡುವಿನಿಂದ ಹೊಡೆಯುವ ಚುರುಕಿನ ಆಟ ಅಲ್ಲಿಗೇ ಮುಗೀತು. ಇನ್ನುಳಿದಿದ್ದು ಮೂಲೆಗೆ ಎತ್ತರದ ಚೆಂಡು. ಅದನ್ನ ತಡೆಯೋಕೆ ಎದುರಿಗೆ ಎರಡೋ ಮೂರೋ ಜೊತೆ ಕೈ ಮೊದಲೇ ಎದ್ದು ನಿಂತಿರುತ್ತೆ. ಎಷ್ಟೇ ಎತ್ತರದ ಅಟ್ಯಾಕರ್ ಇದ್ದರೂ ಆ ದಿನ ಆಕೆ ಸಾಮಾನ್ಯಳೇ. 25 ಅಂಕದ ಸೆಟ್‌ನಲ್ಲಿ ಇಂಥ ನಾಲ್ಕೈದು ಚೆಂಡು ಸಾಕು.

ಅಷ್ಟೆಲ್ಲ ಗೊತ್ತಿದ್ದೂ ದೊಡ್ಡ ತಂಡಗಳು ಸೆಪ್ಟೆಂಬರ್‌ನಲ್ಲಿ ಬೇರೆಯವರ ಅಂಗಳಕ್ಕೆ ಹೋಗಿ ಆಡೋದ್ಯಾಕೆ? ಅಲ್ಲೂ ಲೆಕ್ಕಾಚಾರವೇ. ಡಿಸೆಂಬರ್‌ನ ರಾಷ್ಟ್ರೀಯ ಟೂರ್ನಿಗೆ 64 ತಂಡ. ಕಾನ್ಫರೆನ್ಸ್‌ಗಳ, ಅಂದ್ರೆ ಅಲ್ಲಿನ ಲೀಗ್‌ಗಳ, ಚಾಂಪಿಯನ್ನರಿಗೆ ನೇರ ಪ್ರವೇಶ. ಉಳಿದವರನ್ನ ಸಮಿತಿ ಆರಿಸುತ್ತೆ. ಯಾರನ್ನ ಎದುರಿಸಿದಿರಿ, ಎಲ್ಲಿ ಆಡಿದಿರಿ ಅನ್ನೋದನ್ನೂ ಅದು ತೂಗುತ್ತೆ. ಒಳ್ಳೇ ತಂಡದ ಎದುರು ಹೊರಗೆ ಸೋತರೆ ನಷ್ಟ ಕಡಿಮೆ, ಮನೆಯಲ್ಲಿ ಕೂತು ದುರ್ಬಲರನ್ನು ಬಡಿದರೆ ಲಾಭವೂ ಕಡಿಮೆ. 2024ರಲ್ಲಿ ಸಮಿತಿ ಅಗ್ರಸ್ಥಾನ ಕೊಟ್ಟ ನಾಲ್ಕು ತಂಡಗಳೇ ಸೆಮಿಫೈನಲ್‌ಗೆ ಬಂದವು: ಪಿಟ್ಸ್‌ಬರ್ಗ್, ಲೂಯಿವಿಲ್, ಪೆನ್ ಸ್ಟೇಟ್ ಮತ್ತು ನೆಬ್ರಾಸ್ಕಾ. ಡಲ್ಲಾಸ್ ಸೋಲಿನಿಂದ ನೆಬ್ರಾಸ್ಕಾಗೆ ಕೊನೆಗೆ ಬಿಡಿಗಾಸಿನ ನಷ್ಟವೂ ಆಗಲಿಲ್ಲ ಅಂತಾಯ್ತು.

ಗೆದ್ದವರ ಕಡೆಯ ಲೆಕ್ಕ

ಇಂಥ ಸುದ್ದಿಯಲ್ಲಿ ಸೋತ ದೊಡ್ಡವರ ಬಗ್ಗೆಯೇ ಮಾತು ಜಾಸ್ತಿ. ಗೆದ್ದವರನ್ನ 'ಆ ದಿನ ಅದೃಷ್ಟ' ಅಂತ ಒಂದೇ ಮಾತಿನಲ್ಲಿ ಸಾಗಹಾಕಿಬಿಡ್ತಾರೆ. ಎಸ್‌ಎಂಯು ವಿಷಯದಲ್ಲಿ ಅದು ತಪ್ಪು. ಅದೇ ಋತುವಿನಲ್ಲಿ ಮುಂದೆ ನಂಬರ್ ಒನ್ ಆಗಿದ್ದ ಪಿಟ್ಸ್‌ಬರ್ಗ್ ತಂಡವನ್ನೂ ಇವರು ಕೆಡವಿದರು. ಪಿಟ್ಸ್‌ಬರ್ಗ್ ಆ ವರ್ಷ ಸೋತಿದ್ದೇ ಎರಡು ಪಂದ್ಯ, ಒಂದು ಎಸ್‌ಎಂಯು ಎದುರು, ಇನ್ನೊಂದು ಸೆಮಿಫೈನಲ್‌ನಲ್ಲಿ. ಒಂದು ಸಲ ಆದರೆ ಅದೃಷ್ಟ ಅನ್ನಬಹುದು. ಒಂದನೇ ರ‍್ಯಾಂಕು, ಎರಡನೇ ರ‍್ಯಾಂಕು ಎರಡಕ್ಕೂ ಒಂದೇ ಋತುವಿನಲ್ಲಿ ಪೆಟ್ಟು ಕೊಟ್ಟರೆ ಅದನ್ನ ಕಸುಬು ಅನ್ನಬೇಕು. 2019ರಿಂದ ತಂಡ ಕಟ್ಟುತ್ತಾ ಬಂದ ಕೋಚ್ ಸ್ಯಾಮ್ ಅರ್ಗರ್ ಅವರ ಕೆಲಸ ಅದು.

ಹಿಂದೆ ದೊಡ್ಡ ಜೂಜೂ ಇತ್ತು. 2024ರ ಜುಲೈ 1ಕ್ಕೆ ಎಸ್‌ಎಂಯು ತನ್ನ ಹಳೇ ಕಾನ್ಫರೆನ್ಸ್ ಬಿಟ್ಟು ಎಸಿಸಿ ಎಂಬ ದೊಡ್ಡ ಕಾನ್ಫರೆನ್ಸ್‌ಗೆ ಸೇರಿತು. ಅದಕ್ಕೆ ಒಪ್ಪಿಕೊಂಡ ಷರತ್ತು ಕೇಳಿದರೆ ಯಾವ ವ್ಯಾಪಾರಿಯೂ ಹುಬ್ಬೇರಿಸಬೇಕು: ಒಂಬತ್ತು ವರ್ಷ ಟಿವಿ ಹಕ್ಕಿನ ಪಾಲು ಬೇಡ! ಪೇಟೆಯ ಮುಖ್ಯ ಬೀದಿಯಲ್ಲಿ ಮಳಿಗೆ ಸಿಗುತ್ತೆ ಅಂತ ಒಂಬತ್ತು ವರ್ಷದ ಲಾಭ ಬಿಟ್ಟುಕೊಟ್ಟ ಹಾಗೆ. ಕೊರತೆ ತುಂಬೋಕೆ ಡಲ್ಲಾಸ್‌ನ ಹಳೇ ವಿದ್ಯಾರ್ಥಿಗಳು, ಸಿರಿವಂತರು ವಾರದೊಳಗೆ 10 ಕೋಟಿ ಡಾಲರ್ ದೇಣಿಗೆ ಕೂಡಿಸಿದರು. ನಿಜ ಹೇಳಬೇಕೆಂದರೆ ಇದೆಲ್ಲ ಮಾಡಿದ್ದು ಗಂಡುಮಕ್ಕಳ ಫುಟ್‌ಬಾಲ್‌ಗಾಗಿ. ಆದ್ರೆ ಅದೇ ಎಸಿಸಿಯಲ್ಲಿ ಪಿಟ್ಸ್‌ಬರ್ಗ್, ಲೂಯಿವಿಲ್, ಸ್ಟ್ಯಾನ್‌ಫರ್ಡ್‌ನಂಥ ವಾಲಿಬಾಲ್ ದಿಗ್ಗಜರಿದ್ದಾರೆ. ವಾಲಿಬಾಲ್ ಹುಡುಗಿಯರು ಆ ಬೀದಿಗೆ ಕಾಲಿಟ್ಟ ಮೊದಲ ವರ್ಷವೇ ತಾವು ಯಾರು ಅಂತ ತೋರಿಸಿದರು.

12 ಇದ್ದದ್ದು 18 ಆದಾಗ

ಈಗ ಅಸಲಿ ವಿಷಯ. ಎಸ್‌ಎಂಯು ಅಂಥವರು ನೆಬ್ರಾಸ್ಕಾ ಅಂಥವರನ್ನ ಸೋಲಿಸೋಕೆ ಸಾಧ್ಯವಾಗಿದ್ದರ ಹಿಂದೆ ಯಾರ ಕಣ್ಣಿಗೂ ಬೀಳದ ಒಂದು ನಿಯಮವಿತ್ತು. ಎನ್‌ಸಿಎಎ ಎಂಬ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ, ಒಂದು ಹೆಣ್ಣುಮಕ್ಕಳ ವಾಲಿಬಾಲ್ ತಂಡ 12 ಜನಕ್ಕಷ್ಟೇ ಸ್ಕಾಲರ್‌ಶಿಪ್ ಕೊಡಬಹುದು ಅಂತ ಕಟ್ಟುಹಾಕಿತ್ತು. ಸ್ಕಾಲರ್‌ಶಿಪ್ ಅಂದ್ರೆ ಫೀಸು, ಹಾಸ್ಟೆಲ್ಲು, ಊಟ ಎಲ್ಲ ಸೇರಿ. ಎಸ್‌ಎಂಯುನಂಥ ಖಾಸಗಿ ಯೂನಿವರ್ಸಿಟಿಯಲ್ಲಿ ಇದರ ಬೆಲೆ ವರ್ಷಕ್ಕೆ 80 ಸಾವಿರ ಡಾಲರ್‌ಗೂ ಹೆಚ್ಚು, ರೂಪಾಯಿ ಲೆಕ್ಕದಲ್ಲಿ ಸುಮಾರು 70 ಲಕ್ಷ. ಇಷ್ಟು ಖರ್ಚು ಎಲ್ಲ ಮನೆಯವರಿಗೂ ಭರಿಸೋಕಾಗಲ್ಲ. ಹಾಗಾಗಿ ದೊಡ್ಡ ತಂಡದ 12 ಸೀಟು ತುಂಬಿತು ಅಂದ್ರೆ ಹದಿಮೂರನೇ ಪ್ರತಿಭಾವಂತೆ ಇನ್ನೊಂದು ಕಾಲೇಜಿನ ಬಾಗಿಲು ತಟ್ಟುತ್ತಿದ್ದಳು. ದೊಡ್ಡ ಸಾಹುಕಾರ ಎಷ್ಟೇ ದುಡ್ಡಿದ್ದರೂ ಗೋದಾಮು ತುಂಬಿಸಿಟ್ಟುಕೊಳ್ಳೋಕೆ ಆಗದ ಹಾಗೆ ಒಂದು ರೇಷನ್. ಉಳಿದ ಅಂಗಡಿಗಳಿಗೂ ಒಳ್ಳೇ ಮಾಲು ಸಿಗುತ್ತಿತ್ತು.

2025-26ರ ಸಾಲಿನಿಂದ ಆ ರೇಷನ್ ಇಲ್ಲ. 2025ರ ಜೂನ್‌ನಲ್ಲಿ ಅಲ್ಲಿನ ಕೋರ್ಟ್ ಒಪ್ಪಿದ ರಾಜಿ ಒಪ್ಪಂದದಂತೆ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ಗಾತ್ರದ ಮಿತಿ ಬಂದಿದೆ. ಹೆಣ್ಣುಮಕ್ಕಳ ವಾಲಿಬಾಲ್‌ಗೆ ಅದು 18. ಒಪ್ಪಂದಕ್ಕೆ ಸೇರಿದ ಕಾಲೇಜು ಬೇಕಾದ್ರೆ ಹದಿನೆಂಟೂ ಜನಕ್ಕೆ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಮೇಲೆ, ಎಲ್ಲ ಆಟ ಸೇರಿ, 2025-26ರ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಣವನ್ನೂ ಕೊಡಬಹುದು. ಅದರ ಸಿಂಹಪಾಲು ಫುಟ್‌ಬಾಲ್‌ಗೆ ಹೋಗೋದು ಖಚಿತ. ಆದ್ರೂ ನೆಬ್ರಾಸ್ಕಾದಂಥ ಕಡೆ, ವಾಲಿಬಾಲ್ ಟಿಕೆಟ್‌ಗೆ ಕ್ಯೂ ನಿಲ್ಲುವ ಊರಲ್ಲಿ, ಹುಡುಗಿಯರಿಗೂ ಒಂದು ಪಾಲು ಬಂದೇ ಬರುತ್ತೆ. ಸಣ್ಣ ಕಾಲೇಜುಗಳು ಅಷ್ಟು ಎಲ್ಲಿಂದ ತರಬೇಕು?

ಬೆಂಚ್ ಉದ್ದವಾದಷ್ಟೂ ಲಾಭ ಜಾಸ್ತಿ ಅನ್ನೋದಕ್ಕೆ ಅಲ್ಲಿನ ನಿಯಮವೂ ಕಾರಣ. ಅಂತಾರಾಷ್ಟ್ರೀಯ ವಾಲಿಬಾಲ್‌ನಲ್ಲಿ ಒಂದು ಸೆಟ್‌ಗೆ ಆರು ಬದಲಾವಣೆ. ಅಮೆರಿಕದ ಕಾಲೇಜು ಹೆಣ್ಣುಮಕ್ಕಳ ಆಟದಲ್ಲಿ 15. ಸರ್ವಿಸ್‌ಗೆ ಒಬ್ಬಳು, ಹಿಂದಿನ ಸಾಲಿಗೆ ಒಬ್ಬಳು, ಬ್ಲಾಕ್‌ಗೆ ಇನ್ನೊಬ್ಬಳು ಅಂತ ಕರೆದು ಕರೆದು ಇಳಿಸಬಹುದು.

ಇದಕ್ಕೆ ಎದುರಾಗಿ ಒಂದೇ ಒಂದು ಸಮಾಧಾನ ಇದೆ, ಅದೂ ಸಣ್ಣದಲ್ಲ. 18 ಜನ ಇದ್ದರೂ ಕೋರ್ಟ್‌ನಲ್ಲಿ ನಿಲ್ಲೋದು ಆರೇ ಜನ. ಹೈಸ್ಕೂಲಿನಲ್ಲಿ ಊರಿಗೇ ಸ್ಟಾರ್ ಆಗಿದ್ದವಳು ಎರಡು ವರ್ಷ ಟವೆಲ್ ಹಿಡಿದು ಕೂರೋಕೆ ಒಪ್ಪುತ್ತಾಳಾ? ಮೊದಲು ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕಾಯಬೇಕಿದ್ದ ಆಟಗಳಿದ್ದವು. ಈಗ ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ವರ್ಗವಾಗಿ ತಕ್ಷಣ ಆಡಬಹುದು. ದೊಡ್ಡವರು ಕೂಡಿಟ್ಟುಕೊಂಡಿದ್ದು ವರ್ಷಾಂತ್ಯಕ್ಕೆ ಹಿಂದಿನ ಬಾಗಿಲಿನಿಂದ ಸೋರಿಹೋಗುವ ಸಾಧ್ಯತೆಯೂ ಅಷ್ಟೇ ಇದೆ. ದುಡ್ಡು ಮತ್ತು ಆಡಬೇಕೆಂಬ ಹಂಬಲ, ಇವೆರಡರ ಎಳೆದಾಟದಲ್ಲಿ ಮೊದಲ ಒಂದೆರಡು ವರ್ಷ ದುಡ್ಡಿನ ಕೈಯೇ ಮೇಲಾಗಬಹುದು. ಋತು ಶುರುವಿನ ಶಾಕ್‌ಗಳು ಪೂರ್ತಿ ನಿಲ್ಲೋದಿಲ್ಲ, ಹೊಂದಾಣಿಕೆಗೆ ಬೇಕಾದ ತಿಂಗಳುಗಳನ್ನ ಯಾವ ದುಡ್ಡೂ ಕೊಂಡುಕೊಳ್ಳಲ್ಲ. ಆದ್ರೆ ಮೂರಕ್ಕೆ ಸೊನ್ನೆಯಂಥ ಫಲಿತಾಂಶ ಅಪರೂಪವಾದರೆ ಅಚ್ಚರಿ ಬೇಡ.

ಹೊಸ ನಿಯಮದ ಮೊದಲ ಋತುವಿಗೆ ನೆಬ್ರಾಸ್ಕಾದ ಕೋಚೂ ಹೊಸಬರಾಗಿದ್ದರು. 25 ವರ್ಷ ತಂಡ ನಡೆಸಿದ ಜಾನ್ ಕುಕ್ 2025ರ ಜನವರಿಯಲ್ಲಿ ನಿವೃತ್ತರಾದರು. ಆ ಜಾಗಕ್ಕೆ ಬಂದಿರುವ ಡ್ಯಾನಿ ಬಸ್‌ಬೂಮ್ ಕೆಲ್ಲಿ 2006ರಲ್ಲಿ ಇದೇ ನೆಬ್ರಾಸ್ಕಾ ಪರ ಆಡಿ ಕಪ್ ಗೆದ್ದವರು, 2024ರಲ್ಲಿ ಲೂಯಿವಿಲ್ ತಂಡವನ್ನ ಫೈನಲ್‌ವರೆಗೆ ಕರೆದೊಯ್ದವರು. ಲಿಂಕನ್‌ನಲ್ಲಾಗಲಿ ಡಲ್ಲಾಸ್‌ನಲ್ಲಾಗಲಿ ಸಂಜೆ 7ಕ್ಕೆ ಪಂದ್ಯ ಶುರುವಾದರೆ ಈ ಸಮಯದಲ್ಲಿ ಇಲ್ಲಿ ಮರುದಿನ ಬೆಳಗಿನ 5.30, ಹಾಲಿನ ಬೂತ್ ಬಾಗಿಲು ಎತ್ತುವ ಹೊತ್ತು. ಮೊಬೈಲ್‌ನಲ್ಲಿ ನೋಡುವವರು ಸ್ಕೋರ್ ಜೊತೆಗೆ ಬೆಂಚ್ ಕಡೆಗೂ ಕಣ್ಣು ಹಾಯಿಸಬೇಕು. ಅಲ್ಲಿ ಯಾರು ಕೂತಿದ್ದಾರೆ, ಮುಂದಿನ ವರ್ಷ ಅವರಲ್ಲಿ ಎಷ್ಟು ಜನ ಅಲ್ಲೇ ಇರುತ್ತಾರೆ ಅನ್ನೋದು ಈ ಸಲ ನೋಡಬೇಕಾದ್ದು.