ಗೃಹಯಂತ್ರ ವಿಚಾರ: ಬಾಗಿಲು ತೆರೆಯದ ಕಂಪ್ಯೂಟರು

ಕಂಪ್ಯೂಟರು ತೆರೆಯಲೊಲ್ಲದೆಂದು ಯಾರಾದರೂ ಹೇಳಿಕೊಂಡಾಗ ನಾನು ಕೇಳುವ ಮೊದಲನೆಯ ಪ್ರಶ್ನೆಯು ಒಂದೇ: ಅದು ಎಲ್ಲಿಯವರೆಗೆ ಬಂದು ನಿಂತಿತು? ಗುಂಡಿಯನ್ನೊತ್ತಿದರೆ ದೀಪವೇ ಹತ್ತದಿರುವುದು ಒಂದು ಬಗೆ. ದೀಪ ಹತ್ತಿ, ಒಳಗಿನ ಫ್ಯಾನು ತಿರುಗಿ, ಪರದೆಯು ಕಪ್ಪಾಗಿಯೇ ಉಳಿಯುವುದು ಇನ್ನೊಂದು ಬಗೆ. ತಯಾರಕರ ಹೆಸರು ಮೂಡಿ ಅಲ್ಲಿಯೇ ನಿಲ್ಲುವುದು ಮತ್ತೊಂದು. ಎಲ್ಲವೂ ಸರಿಯಾಗಿ ನಡೆದು ಕಡೆಗೆ ಪಾಸ್‌ವರ್ಡು ಒಪ್ಪದಿರುವುದು ಮಗುದೊಂದು. ಇಷ್ಟನ್ನು ಗೃಹಸ್ಥರು ತಾವೇ ನೋಡಿ ಹೇಳಬಲ್ಲವರಾದರೆ ರಿಪೇರಿಯವನ ಅರ್ಧ ಕೆಲಸ ಮುಗಿದಂತೆಯೇ ಸರಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್ ಯಂತ್ರವಾದಕಾರಣ ಈ ಸಲ ಅದನ್ನು ಕುರಿತೇ ಬರೆಯುತ್ತೇನೆ.

ದೀಪ ಹತ್ತದಿರುವ ಸಂಗತಿಯನ್ನು ಬೇಗನೆ ಮುಗಿಸಬಹುದು. ಗೋಡೆಯ ಸ್ವಿಚ್ಚನ್ನೂ ತಂತಿಯ ಎರಡು ತುದಿಗಳನ್ನೂ ನೋಡಿರಿ. ನಗಬೇಡಿ, ನಾನು ನೋಡಲು ಹೋದ ಎಷ್ಟೋ ಮನೆಗಳಲ್ಲಿ ರೋಗವು ಅಲ್ಲಿಯೇ ಇದ್ದಿತು. ಲ್ಯಾಪ್‌ಟಾಪಾದರೆ ಚಾರ್ಜರನ್ನು ಕಳಚಿ, ಗುಂಡಿಯನ್ನು ಅರ್ಧ ನಿಮಿಷದ ಕಾಲ ಒತ್ತಿ ಹಿಡಿದು, ಮತ್ತೆ ಚಾರ್ಜರು ಸಿಕ್ಕಿಸಿ ನೋಡತಕ್ಕದ್ದು. ಒಳಗೆ ಉಳಿದ ವಿದ್ಯುತ್ತು ಹರಿದುಹೋಗಿ ಯಂತ್ರವು ಎಚ್ಚರಗೊಳ್ಳುವುದುಂಟು.

ಹೆಸರು ಮೂಡಿದ ಮೇಲೆ, ಪ್ರಾರಂಭಿಸಲು ಡಿಸ್ಕು ಇಲ್ಲವೆಂಬ ಅರ್ಥದ ಇಂಗ್ಲಿಷ್ ವಾಕ್ಯವು ಬಂದರೆ ಗಾಬರಿಗೊಳ್ಳುವ ಮುನ್ನ ಸಿಕ್ಕಿಸಿಟ್ಟ ಪೆನ್‌ಡ್ರೈವನ್ನು ತೆಗೆಯಿರಿ; ಯಂತ್ರವು ಅದರೊಳಗೆ ವಿಂಡೋಸನ್ನು ಹುಡುಕುತ್ತಿರಬಹುದು. ಯಂತ್ರದ ಗಡಿಯಾರವು ಪದೇಪದೇ ಹಳೆಯ ಇಸವಿಗೆ ಜಾರುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿಯು ಮುಗಿದಿದೆಯೆಂದು ತಿಳಿಯಬೇಕು. ಮೇಜಿನ ಮೇಲಿಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032 ಎಂಬ 3 ವೋಲ್ಟಿನ ಬ್ಯಾಟರಿ. ಗಡಿಯಾರದ ಅಂಗಡಿಯಲ್ಲಿಯೂ ದೊರೆಯುತ್ತದೆ. ದಿನಾಂಕವು ತಪ್ಪಿದ್ದರೆ ಬ್ಯಾಂಕಿನ ಜಾಲತಾಣಗಳು ಒಳಗೆ ಬಿಡುವುದಿಲ್ಲ. ಜನರು ಇಂಟರ್‌ನೆಟ್ಟು ಕೆಟ್ಟಿತೆಂದು ಬೈಯುತ್ತಾರೆ.

ವಿಂಡೋಸು ಅರ್ಧಕ್ಕೆ ಬಂದು ಸುತ್ತುತ್ತಲೇ ಇದ್ದರೆ, ಎರಡು ಸಲ ಪ್ರಾರಂಭವು ಕೆಟ್ಟಮೇಲೆ ಅದು ತಾನಾಗಿಯೇ ದುರಸ್ತಿಯ ನೀಲಿ ಪುಟವನ್ನು ತೋರಿಸುವಂತೆ ಏರ್ಪಾಡಾಗಿದೆ. ಅಲ್ಲಿಂದ ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ, ಯಂತ್ರವು ಮತ್ತೆ ಹೊರಟಾಗ 4ನೆಯ ಅಂಕೆಯನ್ನು ಒತ್ತಿದರೆ ಸೇಫ್ ಮೋಡ್ ಎಂಬ ಮಿತವಾದ ಸ್ಥಿತಿಯಲ್ಲಿ ತೆರೆಯುತ್ತದೆ. ಇತ್ತೀಚೆಗೆ ಹಾಕಿಕೊಂಡ ಯಾವುದಾದರೂ ತಂತ್ರಾಂಶವು ಕಾರಣವಾಗಿದ್ದರೆ ಅದನ್ನು ಅಲ್ಲಿಯೇ ತೆಗೆದುಹಾಕಬಹುದು. ಪ್ರಸಂಗವಶಾತ್ ಒಂದು ಮಾತು: ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಸಾಮಾನ್ಯ ತಿದ್ದುಪಡಿಗಳ ಅವಧಿಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ರಕ್ಷಣೆ ಬಾರದೆಂಬುದು ನಿಜವಾದ ಚಿಂತೆಯೇ. ಆದರೆ ಅಷ್ಟರಿಂದ ಯಂತ್ರವು ತೆರೆಯುವುದನ್ನು ನಿಲ್ಲಿಸುವುದಿಲ್ಲ.

ಇನ್ನು ಪಾಸ್‌ವರ್ಡಿನ ವಿಚಾರ. ‘ನಿನ್ನೆಯವರೆಗೆ ಒಪ್ಪುತ್ತಿತ್ತು, ಇಂದು ಒಪ್ಪದು’ ಎನ್ನುವವರು ಮೊದಲು ಪರದೆಯ ಬಲಗಡೆಯ ಕೆಳಮೂಲೆಯನ್ನು ನೋಡಬೇಕು. ಕನ್ನಡದಲ್ಲಿಯೂ ಟೈಪು ಮಾಡುವ ಮನೆಗಳಲ್ಲಿ ಕೀಲಿಮಣೆಗೆ ಎರಡು ಭಾಷೆಗಳ ಜೋಡಣೆಯಿರುತ್ತದಷ್ಟೆ. ಕೀಲಿಮಣೆಯು ಕನ್ನಡಕ್ಕೆ ತಿರುಗಿದ್ದಾಗ ನೀವು ಒತ್ತಿದ ಇಂಗ್ಲಿಷ್ ಅಕ್ಷರವು ಬೇರೊಂದು ಅಕ್ಷರವಾಗಿ ಒಳಗೆ ಹೋಗುತ್ತದೆ. ಚುಕ್ಕೆಗಳ ಮರೆಯಲ್ಲಿ ನಿಮಗೆ ಅದು ಕಾಣದು. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸನ್ನು ಒತ್ತಿದರೆ ಭಾಷೆಯು ಬದಲಾಗುತ್ತದೆ. ಪೆಟ್ಟಿಗೆಯ ಪಕ್ಕದ ಕಣ್ಣಿನ ಚಿಹ್ನೆಯನ್ನು ಒತ್ತಿದರೆ ಟೈಪಾದುದು ಕಾಣಿಸುತ್ತದೆ. ಕ್ಯಾಪ್ಸ್ ಲಾಕನ್ನೂ ನಮ್ ಲಾಕನ್ನೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಅನೇಕರಿಗೆ ಪಿನ್ನು ಬೇರೆ, ಖಾತೆಯ ಪಾಸ್‌ವರ್ಡು ಬೇರೆ ಎಂಬ ಭೇದವೇ ತಿಳಿದಿಲ್ಲ. ಪಿನ್ನು ಆ ಒಂದು ಯಂತ್ರಕ್ಕೆ ಮಾತ್ರ ಸೇರಿದುದು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡು ಎಲ್ಲಿಗೂ ಸಲ್ಲತಕ್ಕದ್ದು. ಖಾತೆಯ ಪಾಸ್‌ವರ್ಡನ್ನು ಮರೆತವರು ಮೊಬೈಲಿನಿಂದ ಹೊಸದನ್ನು ಮಾಡಿಕೊಳ್ಳಬಹುದು; ಆದರೆ ಮನೆಯ ಯಂತ್ರವು ಇಂಟರ್‌ನೆಟ್ಟಿಗೆ ಸೇರುವವರೆಗೆ ಆ ಬದಲಾವಣೆಯು ಅದಕ್ಕೆ ತಿಳಿಯದು.

ಇಷ್ಟೆಲ್ಲವೂ ಬರಿಯ ತೊಂದರೆಗಳು. ನಿಜವಾದ ಅಪಾಯವು ಬೇರೆಯಿದೆ. ಅದು ನನಗೆ ತಿಳಿದುದು ನಮ್ಮ ಮನೆಯಲ್ಲಿಯೇ.

ನಮ್ಮ ಅಣ್ಣನವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಮೇ ತಿಂಗಳ ಗುಡುಗುಮಳೆಯ ಒಂದು ಸಂಜೆ, ಚಾರ್ಜಿಗೆ ಹಾಕಿದ್ದ ಅವರ ಲ್ಯಾಪ್‌ಟಾಪು ಸುಟ್ಟಿತು. ಅದರಲ್ಲಿ ಮನೆಯ ಕಂದಾಯದ ರಸೀತಿಗಳಿದ್ದವು, ಮಕ್ಕಳ ಚಿತ್ರಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ತಾಯಿಯವರು ಹಾಡುತ್ತಿದ್ದ ಹಸೆಯ ಹಾಡುಗಳನ್ನೂ ಆರತಿಯ ಹಾಡುಗಳನ್ನೂ ಅಣ್ಣನವರು ಧ್ವನಿಮುದ್ರಿಸಿ ಇಟ್ಟಿದ್ದರು. ತಾಯಿಯವರೂ ಈಗಿಲ್ಲ. ಆ ಹಾಡುಗಳು ಬೇರೆಲ್ಲಿಯೂ ಇರಲಿಲ್ಲ.

ರಿಪೇರಿಯ ಹುಡುಗನು ಒಳ್ಳೆಯವನೇ. ಡಿಸ್ಕು ಕೆಟ್ಟಿಲ್ಲವೆಂದು ತಿಳಿಸಿ, ಅದನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿದನು. ಹಾಡುಗಳು ಕಾಣುವುದಕ್ಕೆ ಬದಲಾಗಿ 48 ಅಂಕೆಗಳ ಕೀಲಿಯನ್ನು ಕೊಡಿರೆಂಬ ಬೇಡಿಕೆಯು ಬಂದಿತು. “ಲಾಕಾಗಿದೆ ಅಮ್ಮಾ, ಇದನ್ನು ಯಾರೂ ತೆಗೆಯಲಾರರು. ಫಾರ್ಮ್ಯಾಟ್ ಮಾಡಿಕೊಡುತ್ತೇನೆ, ಬೇರೆ ಯಂತ್ರಕ್ಕೆ ಆಗುತ್ತದೆ” ಎಂದನು. ಫಾರ್ಮ್ಯಾಟ್ ಎಂದರೆ ಪೂರ್ತಿ ಒರೆಸಿ ಹಾಕುವುದೆಂದು ತಿಳಿದಾಗ ಅತ್ತಿಗೆಯವರು ಡಿಸ್ಕನ್ನು ಅವನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. “ನೋಡಪ್ಪಾ, ಅತ್ತೆಯವರ ಹಾಡು ಇದರೊಳಗಿದೆ. ನಾನು ಒರೆಸಲು ಕೊಡುವುದಿಲ್ಲ” ಎಂದು ನನಗೆ ಹೇಳಿದರು.

ಈ ಬೀಗದ ಹೆಸರು ಬಿಟ್‌ಲಾಕರ್. ಈಚಿನ ಬಹಳ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಒಳಹೊಕ್ಕ ದಿನವೇ ಇದು ತಾನಾಗಿ ಬೀಳುತ್ತದೆ. ಯಜಮಾನನಿಗೆ ಗೊತ್ತಿರುವುದೂ ಇಲ್ಲ. ಯಂತ್ರವು ಕಳವಾದರೆ ಕಳ್ಳನಿಗೆ ಒಳಗಿನದು ದಕ್ಕಬಾರದೆಂಬುದು ಇದರ ಉದ್ದೇಶ. ಉದ್ದೇಶವೇನೋ ಒಳ್ಳೆಯದು, ಆದರೆ ಹೇಳದೆಯೇ ಬೀಗ ಹಾಕುವ ರೀತಿಯು ನನಗೆ ಒಪ್ಪಿಗೆಯಿಲ್ಲ. ದಿನನಿತ್ಯ ಯಂತ್ರದೊಳಗಿನ ಒಂದು ಚಿಪ್ಪು ಸದ್ದಿಲ್ಲದೆ ಬೀಗವನ್ನು ತೆಗೆಯುತ್ತಿರುತ್ತದೆ. ಒಳಗಿನ ಮುಖ್ಯ ಹಲಗೆಯನ್ನು ಬದಲಾಯಿಸಿದರೆ, ಡಿಸ್ಕನ್ನು ಬೇರೆಡೆಗೆ ಒಯ್ದರೆ, ಕೆಲವೊಮ್ಮೆ ಬಯಾಸನ್ನು ತಿದ್ದಿದರೂ ಸಹ, ಅದು ಕೀಲಿಯನ್ನು ಕೇಳುತ್ತದೆ. ಕೀಲಿ ಕಳೆದಿದ್ದರೆ ತಾವೂ ಅದನ್ನು ಹೊಸದಾಗಿ ಮಾಡಿಕೊಡಲಾರೆವೆಂದು ಮೈಕ್ರೋಸಾಫ್ಟಿನವರೇ ತಿಳಿಸಿದ್ದಾರೆ.

ನಮ್ಮನ್ನು ಕಾಪಾಡಿದುದು ಅಣ್ಣನವರ ಹಳೆಯ ಮೊಬೈಲು. ಬೀಗವು ತಾನಾಗಿ ಬಿದ್ದಾಗ ಕೀಲಿಯ ಪ್ರತಿಯು ಖಾತೆಯಲ್ಲಿ ಶೇಖರವಾಗಿರುತ್ತದೆ. ಖಾತೆಯ ಪಾಸ್‌ವರ್ಡು ನಮಗೆ ತಿಳಿಯದು. ಹೊಸದನ್ನು ಮಾಡಲು ಸಂಕೇತಸಂಖ್ಯೆಯು ಅವರ ನಂಬರಿಗೇ ಬರಬೇಕು. ಇನ್ನು ಆ ನಂಬರಿಗೆ ಯಾರು ಮಾತನಾಡುತ್ತಾರೆ, ಹಣವೇಕೆ ದಂಡವೆಂದು ನಾವೆಲ್ಲರೂ ಅತ್ತಿಗೆಯವರಿಗೆ ಹೇಳಿದ್ದೆವು. ಅವರು ನಮ್ಮ ಮಾತನ್ನು ಕೇಳಿರಲಿಲ್ಲ. ಕಾರಣವನ್ನೂ ಹೇಳದೆ, ಎಂಟು ತಿಂಗಳಾದರೂ ಬಿಡದೆ ರೀಚಾರ್ಜು ಮಾಡಿಸುತ್ತಿದ್ದರು. ಅಲಮಾರಿನಲ್ಲಿದ್ದ ಮೊಬೈಲನ್ನು ಹೊತ್ತಿಸಿದೆವು. ಒಂದು ನಿಮಿಷದೊಳಗೆ ಸಂಕೇತವು ಬಂದಿತು. ಖಾತೆಯಲ್ಲಿ ಎರಡು ಯಂತ್ರಗಳ ಕೀಲಿಗಳಿದ್ದವು. ಬೇಡಿಕೆಯ ಪುಟದಲ್ಲಿ ಕೀಲಿಯ ಗುರುತೆಂದು ತೋರಿಸಿದ ಮೊದಲ 8 ಅಕ್ಷರಗಳನ್ನು ಹೋಲಿಸಿ ನಮ್ಮದನ್ನು ಆರಿಸಿದೆವು. ಡಿಸ್ಕು ತೆರೆಯಿತು. ಆ ರಾತ್ರಿ ಎಲ್ಲವನ್ನೂ ಎರಡು ಕಡೆ ಪ್ರತಿಮಾಡಿದ ಮೇಲೆಯೇ ನಾವು ಊಟಕ್ಕೆ ಎದ್ದುದು.

ಆದಕಾರಣ, ಮನೆಯಲ್ಲಿ ಸಾವು ಸಂಭವಿಸಿದಾಗ ಮೊಬೈಲಿನ ನಂಬರನ್ನು ಬಿಡಲು ಅವಸರಪಡಬಾರದು. ಬಿಟ್ಟ ನಂಬರು ಕಾಲಕ್ರಮದಲ್ಲಿ ಬೇರೆಯವರ ಪಾಲಾಗುತ್ತದೆ. ಎರಡು ವರ್ಷ ಒಮ್ಮೆಯೂ ಹೊಕ್ಕದ ಖಾತೆಯನ್ನು ಮೈಕ್ರೋಸಾಫ್ಟಿನವರು ಮುಚ್ಚಬಹುದೆಂಬುದೂ ನೆನಪಿರಲಿ. ಯಂತ್ರವು ಆರೋಗ್ಯವಾಗಿರುವಾಗಲೇ ಯಜಮಾನನು ತನ್ನ ಖಾತೆಯ ಸಾಧನಗಳ ಪುಟಕ್ಕೆ ಹೋಗಿ, ಕೀಲಿಯನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳ ಜೊತೆಯಲ್ಲಿ ಇಡತಕ್ಕದ್ದು. ಅದನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಿಡುವವರೂ ಇದ್ದಾರೆ. ಅದು ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಂತೆ.

ಬರೆದುಕೊಳ್ಳುವಾಗ ಅಂಕೆ ತಪ್ಪಿದರೇನು ಗತಿ ಎಂದು ಅತ್ತಿಗೆಯವರು ಕೇಳಿದರು. ಅದಕ್ಕೂ ಉಪಾಯವಿದೆ. 48 ಅಂಕೆಗಳು ಆರಾರರಂತೆ ಎಂಟು ಗುಂಪುಗಳಾಗಿರುತ್ತವೆ. ಪ್ರತಿಯೊಂದು ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುವಂತೆ ರಚಿತವಾಗಿರುತ್ತದೆ. ಉದಾಹರಣೆಗೆ 274615 ಎಂಬ ಗುಂಪಿನಲ್ಲಿ ಒಂದು ಬಿಟ್ಟು ಒಂದರಂತೆ 2, 4, 1 ಕೂಡಿದರೆ 7. ಉಳಿದ 7, 6, 5 ಕೂಡಿದರೆ 18. ಎರಡರ ವ್ಯತ್ಯಾಸ 11. ವ್ಯತ್ಯಾಸವು ಸೊನ್ನೆಯಾಗಲಿ 11 ಆಗಲಿ 22 ಆಗಲಿ ಬಂದರೆ ಲೆಕ್ಕ ಸರಿ. ಒಂದೇ ಒಂದು ಅಂಕೆ ತಪ್ಪಿದ್ದರೂ ಹಾಗೆ ಬರುವುದಿಲ್ಲ. ಅತ್ತಿಗೆಯವರು ತಮ್ಮ ಹೊಸ ಯಂತ್ರದ ಕೀಲಿಯನ್ನು ಹಾಲಿನ ಲೆಕ್ಕದ ಪುಸ್ತಕದ ಕಡೆಯ ಪುಟದಲ್ಲಿ ಬರೆದು, ಎಂಟು ಗುಂಪುಗಳನ್ನೂ ಕೂಡಿ ಕಳೆದು ನೋಡಿದರು. ಐದನೆಯ ಗುಂಪಿನಲ್ಲಿ ತಪ್ಪು ಸಿಕ್ಕಿತು. 3ನ್ನು 8 ಎಂದು ಬರೆದಿದ್ದರು.